ಪಕ್ಕದ ಮನೆಯ ‘ಪುಣ್ಯವಂತೆ’

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ... ಯಾವ ಓಣಿಯಲ್ಲಾದರೂ ಇಂಥವರೊಬ್ಬರು ಇದ್ದೇ ಇರ್ತಾರೆ. ‘ಹುಣ್ಣಿಮಿಗೂ ಹುಲಿಗೆಮ್ಮಗ ಹೋಗಲಿಲ್ಲೇನವ್ವಾ?’ ಎಂದು ಶುರುವಾದ ವಿಚಾರಣೆ ನಿಮ್ಮ ಮಗಳ ಡ್ರೆಸ್ಸಿನವರೆಗೂ ಬರ್ತದೆ. ಮನಸ್ಸಿಗೆ ಚುಚ್ಚುತ್ತದೆ, ಅಲ್ವಾ?

ಕಾದಂಬರಿಯಲ್ಲೂ ಇಂಥ ನೆರೆಹೊರೆ ಉಂಟು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಓದಿದ್ದೀರಾ? ಆಚಾರಗೆಟ್ಟ ನಾರಣಪ್ಪನ ಹೆಣ ಮುಟ್ಟಲು ಮಲೆನಾಡಿನ ಆ ಅಗ್ರಹಾರದಲ್ಲಿ ಯಾರೂ ಒಲ್ಲರು. ಅವನ ಜೊತೆಗಿದ್ದ ಚಂದ್ರಿ ಶವಸಂಸ್ಕಾರಕ್ಕೆಂದು ಒಡವೆ ಬಿಚ್ಚಿಟ್ಟಳೋ ಇಲ್ಲವೋ, ಅವಳನ್ನು ಜರಿಯುತ್ತಿದ್ದ ನೆರೆಮನೆಯ ಹೆಂಗಸರ ಕಣ್ಣು ಬಂಗಾರದ ಮೇಲೆ! ಪರರ ತಪ್ಪು ಎಣಿಸುವವರಿಗೆ ತಮ್ಮ ಆಸೆ ಕಾಣುವುದಿಲ್ಲ.

ಹಾಗಾಗಿ ವಾದ ಬೇಡ. ‘ಅನುಕೂಲ ನೋಡಿ ಹೋಗ್ತೀವ್ರೀ ಅಕ್ಕಾರ’ ಎಂದು ನಕ್ಕುಬಿಡಿ. ಮಗಳ ವಿಷಯದಲ್ಲಿ ಮಾತ್ರ ಸುಮ್ಮನಿರಬೇಡಿ. ‘ಅಕಿದು ನಾ ನೋಡ್ಕೋತೀನ್ರೀ’ ಎಂದು ಮೆತ್ತಗೆ, ಅವಳೆದುರೇ ಹೇಳಿ. ಅಂದ ಹಾಗೆ, ಎದುರುಮನೆ ಸೊಸೆಯ ಬಗ್ಗೆ ನೀವೂ ಹೀಗೇ ಆಡ್ತಿಲ್ಲ ತಾನೆ?