ರನ್ನನ ದುರ್ಯೋಧನನೂ ನಮ್ಮ ಓದೂ

ಹಳಗನ್ನಡ ಕಾವ್ಯವೆಂದೊಡನೆ ನಮ್ಮಲ್ಲನೇಕರಿಗೆ ಅಂಜಿಕೆಯುಂಟಾಗುವುದು ಸಹಜ. 10ನೆಯ ಶತಮಾನದ ರನ್ನಕವಿಯ ‘ಗದಾಯುದ್ಧ’ವನ್ನು ಮೊದಲು ತೆರೆದಾಗ ನಿಘಂಟೇ ಗತಿ, ಪದ ಬಿಡಿಸುವಷ್ಟರಲ್ಲಿ ರಸ ಆರಿಹೋಗಿರುತ್ತದೆ. ಕೇಳಿ ತಿಳಿಯಲು ಮನೆಯಲ್ಲಿ ಓದಿದವರಿಲ್ಲದ ನನ್ನಂಥವರಿಗಂತೂ ಪುಸ್ತಕವನ್ನು ಮುಚ್ಚಿಡುವ ಮನಸ್ಸಾಗುತ್ತದೆ. ಆದರೆ ಮುಚ್ಚಬಾರದು.

ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಈ ಹತ್ತು ಆಶ್ವಾಸಗಳ ಕಾವ್ಯವನ್ನು ರಚಿಸಿದನು. ಆದ್ದರಿಂದ ಆರಂಭದಲ್ಲಿ ನಾವೂ ಭೀಮನ ಪಕ್ಷ. ದ್ರೌಪದಿಯ ಮಾತುಗಳನ್ನು ಕೇಳಿ ದುರ್ಯೋಧನನ ಮೇಲೆ ಸಿಟ್ಟಾಗುತ್ತೇವೆ. ಮುಂದೆ ಅವನು ಸಂಜಯನೊಡನೆ ರಣರಂಗದಲ್ಲಿ ನಡೆಯುವಾಗ ಆ ಸಿಟ್ಟು ಸಡಿಲುತ್ತದೆ. ಶತ್ರುಪುತ್ರನಾದ ಅಭಿಮನ್ಯುವಿನ ಸಾಹಸವನ್ನು ಅವನು ಮನಸಾರೆ ಹೊಗಳುತ್ತಾನೆ. ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ಗೋಳಿಡುತ್ತಾನೆ. ಛಲದಂಕನಿಗೆ ಇಂಥ ಹೃದಯವೇ ಎಂದು ಬೆರಗಾಗುತ್ತೇವೆ. ಕೊನೆಗೆ ಅವನ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ನಮ್ಮ ತಿರಸ್ಕಾರ ಮಾತ್ರ ಉಳಿಯುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು ‘ಗದಾಯುದ್ಧ ನಾಟಕಂ’ (1926) ಕೃತಿಯಲ್ಲಿ ಈ ಕಾವ್ಯವನ್ನೇ ದುರಂತ ನಾಟಕವಾಗಿಸಿದುದು ಈ ದೃಷ್ಟಿಯಿಂದ ಉಚಿತವಾಗಿಯೇ ಇದೆ.

ಟಿಪ್ಪಣಿಗಳನ್ನು ಓದಿದರೆ ಪರೀಕ್ಷೆಯಲ್ಲಿ ಅಂಕಗಳು ಬಂದಾವು. ಭೀಮನ ಪಕ್ಷದಲ್ಲಿ ನಿಂತೇ ದುರ್ಯೋಧನನಿಗಾಗಿ ಮರುಗುವ ಮನಸ್ಸು ಮಾತ್ರ ಮೂಲವನ್ನು ಓದಿದವರಿಗೇ ಲಭ್ಯ.