ಒಡೆತನದ ಎಲ್ಲೆ: ರೋಮ್ ಕಲಿಸಿದ ಪಾಠ

‘ನನ್ನ ಆಸ್ತಿ, ನನ್ನ ಇಷ್ಟ’ ಎಂಬ ವಾದಕ್ಕೆ ರೋಮನ್ ಕಾನೂನೇ ಮೂಲವೆಂಬ ನಂಬಿಕೆ ಬಲವಾಗಿ ಬೇರೂರಿದೆ. ವಸ್ತುವನ್ನು ಬಳಸುವ, ಅದರ ಫಲ ಉಣ್ಣುವ, ಬೇಕೆನಿಸಿದರೆ ಹಾಳುಗೆಡಹುವ ಹಕ್ಕುಗಳು ಕೂಡಿದರೆ ಒಡೆತನ ಎಂಬ ಸೂತ್ರವನ್ನು ರೋಮನ್ನರ ತಲೆಗೆ ಕಟ್ಟಲಾಗಿದೆ. ವಾಸ್ತವದಲ್ಲಿ ಅದು ನಂತರದ ಭಾಷ್ಯಕಾರರ ಸೂತ್ರ. ತಾವು ‘ಡೊಮಿನಿಯಂ’ ಎಂದು ಕರೆದ ಒಡೆತನಕ್ಕೆ ರೋಮ್‌ನ ನ್ಯಾಯವೇತ್ತರು ವ್ಯಾಖ್ಯೆಯನ್ನೇ ಕೊಡಲಿಲ್ಲ. ಅವರು ಹೆಚ್ಚಾಗಿ ಚರ್ಚಿಸಿದ್ದು, ಅದು ಹೇಗೆ ಕೈಸೇರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು.

ಕ್ರಿ.ಪೂ. 450ರ ಸುಮಾರಿನ ‘ಹನ್ನೆರಡು ಫಲಕ’ಗಳ ಶಾಸನದಲ್ಲೇ ಈ ಎಲ್ಲೆಗಳು ಕಾಣುತ್ತವೆ. ತನ್ನ ಮರದ ಹಣ್ಣು ನೆರೆಯವನ ಹೊಲದಲ್ಲಿ ಬಿದ್ದರೆ ಅಲ್ಲಿಗೆ ಹೋಗಿ ಆಯ್ದುಕೊಳ್ಳಲು ಅವಕಾಶವಿತ್ತು. ನೆರೆಯವನು ಅದನ್ನು ಸಹಿಸಬೇಕಿತ್ತು. ಭೂಮಿಯನ್ನು ಅಡೆತಡೆಯಿಲ್ಲದೆ ಎರಡು ವರ್ಷ ಅನುಭವಿಸಿದವನಿಗೆ ಅದರ ಒಡೆತನವೇ ದಕ್ಕಬಹುದಿತ್ತು.

ಒಡೆತನದ ಕ್ರೂರ ಮುಖವನ್ನು ಕಂಡವರು ಗುಲಾಮರು. ಎತ್ತು, ಕುದುರೆಗಳಂತೆ ಅವರೂ ಐವರು ಸಾಕ್ಷಿಗಳ ಮುಂದೆ, ತಕ್ಕಡಿ ಹಿಡಿದವನ ಸಮಕ್ಷಮ ಕೈಬದಲಾಗುವ ಸ್ವತ್ತಾಗಿದ್ದರು. ಆದರೆ ಎರಡನೇ ಶತಮಾನದಲ್ಲಿ ಚಕ್ರವರ್ತಿ ಆಂಟೋನಿನಸ್ ಪಯಸ್, ಕಾರಣವಿಲ್ಲದೆ ತನ್ನದೇ ಗುಲಾಮನನ್ನು ಕೊಂದವನೂ ಪರರ ಗುಲಾಮನನ್ನು ಕೊಂದವನಷ್ಟೇ ಶಿಕ್ಷಾರ್ಹನೆಂದು ವಿಧಿಸಿದ. ಸ್ವಂತ ಹಕ್ಕನ್ನೂ ಕೆಟ್ಟದಾಗಿ ಬಳಸಬಾರದೆಂಬ ಕಾರಣವನ್ನು ನ್ಯಾಯವೇತ್ತ ಗಾಯಸ್ ಇದಕ್ಕೆ ನೀಡಿದ. ಗುಲಾಮಗಿರಿ ಅಳಿಯಲಿಲ್ಲ, ನಿಜ. ಆದರೆ ಸ್ವತ್ತಿನ ಮೇಲಿನ ಅಧಿಕಾರಕ್ಕೆ ಕಾನೂನು ಗಡಿ ಹಾಕಬಲ್ಲದು ಎಂಬುದು ಸ್ಪಷ್ಟವಾಯಿತು.

1804ರ ಫ್ರೆಂಚ್ ನಾಗರಿಕ ಸಂಹಿತೆ ಒಡೆತನವನ್ನು ಪರಮ ಹಕ್ಕೆಂದು ಸಾರಿತು. ಆದರೆ ಕಾನೂನು ನಿಷೇಧಿಸಿದ ಬಳಕೆ ಸಲ್ಲದೆಂಬ ಷರತ್ತು ಅದೇ ವಾಕ್ಯದಲ್ಲಿದೆ. ನೆರೆಯವನ ವಾಯುನೌಕೆಗಳನ್ನು ಹರಿಯಲೆಂದೇ ಒಬ್ಬ ಭೂಮಾಲೀಕ ತನ್ನ ಜಾಗದಲ್ಲಿ ಕಬ್ಬಿಣದ ಮೊನೆಗಳಿದ್ದ ಎತ್ತರದ ಚೌಕಟ್ಟುಗಳನ್ನು ನಿಲ್ಲಿಸಿದ್ದ. ಇದು ಹಕ್ಕಿನ ದುರುಪಯೋಗವೆಂಬ ತೀರ್ಪನ್ನು 1915ರಲ್ಲಿ ಅಲ್ಲಿನ ಪರಮೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಒಡೆತನದೊಂದಿಗೆ ಹೊಣೆಯೂ ಬರುತ್ತದೆಂದು ಜರ್ಮನಿಯ 1919ರ ವೈಮಾರ್ ಸಂವಿಧಾನ ಘೋಷಿಸಿತು.

ನಮ್ಮಲ್ಲಿ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ 300ಎ ವಿಧಿಯನ್ನು ಸೇರಿಸಿತು. ಖಾಸಗಿ ಆಸ್ತಿಯೆಲ್ಲವೂ ಸಮುದಾಯದ ಸಂಪನ್ಮೂಲವಾಗದು ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು. ಅಂದರೆ ಎಲ್ಲೆ ಮಾಲೀಕನಿಗೂ ಉಂಟು, ಪ್ರಭುತ್ವಕ್ಕೂ ಉಂಟು. ಆ ಎಲ್ಲೆಯನ್ನು ಯಾರು, ಯಾವ ಕಾರಣಕ್ಕೆ, ಯಾವ ಕ್ರಮದಲ್ಲಿ ಎಳೆಯುತ್ತಾರೆ ಎಂಬುದೇ ಭೂಸ್ವಾಧೀನದ ನೋಟಿಸು ಕೈಗೆ ಬಂದವನ ಪಾಲಿಗೆ ನಿರ್ಣಾಯಕ ಪ್ರಶ್ನೆ.