ಒಂದು ಹನಿ, ಹಲವು ಲೆಕ್ಕ

ಶಿವಮೊಗ್ಗ–ಭದ್ರಾವತಿ ನಡುವಿನ ಮಲವಗೊಪ್ಪದಲ್ಲಿ ಸಕ್ಕರೆ ಕಾರ್ಖಾನೆ ಎಂದೋ ನಿಂತಿತು. ಸಕ್ಕರೆ ಕಾಯಿಲೆ ಮಾತ್ರ ಎಲ್ಲ ಊರುಗಳಂತೆ ಅಲ್ಲೂ ಇದೆ. ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್ ಹೇಳುವುದು ಆ ಕ್ಷಣದ ಸಕ್ಕರೆಯನ್ನಷ್ಟೇ. ಪರೀಕ್ಷೆಗೆ ಮುಂಚೆ ಎರಡು ದಿನ ಬಾಯಿ ಕಟ್ಟಿದವರು ಅದನ್ನು ಸುಲಭವಾಗಿ ಏಮಾರಿಸಬಹುದು. ಅದಕ್ಕೇ ವೈದ್ಯರು ‘ಮೂರು ತಿಂಗಳ ಶುಗರ್’ ಬರೆದುಕೊಡುತ್ತಾರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಆ ಅವಧಿಯಲ್ಲಿ ಸಕ್ಕರೆ ಅಂಟಿಸಿಕೊಂಡ ಹಿಮೋಗ್ಲೋಬಿನ್‌ನ ಪಾಲೇ ಎಚ್‌ಬಿಎ1ಸಿ. ಇದೂ ದೋಷಮುಕ್ತವಲ್ಲ. ಕಬ್ಬಿಣಾಂಶ ಕಡಿಮೆಯಿದ್ದರೆ ಅಂಕಿ ಸುಳ್ಳೇ ಏರಬಹುದು, ರಕ್ತಕಣ ಬೇಗ ಒಡೆದರೆ ಇಳಿಯಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಓದಿದರೆ ಅರ್ಧ ಓದಿದಂತೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದ ನವಕಾಂತ ಭಟ್ಟರ ಸಂಶೋಧನೆಯಿಂದ ಹುಟ್ಟಿದ ಪಾಥ್‌ಶೋಧ್ ಕಂಪನಿಯ ಕೈಯಲ್ಲಿ ಹಿಡಿಯುವ ಉಪಕರಣ ಮುಖ್ಯವಾಗುವುದು ಇಲ್ಲೇ. ಸ್ಟ್ರಿಪ್‌ನ ವಿದ್ಯುದ್ವಾರಕ್ಕೆ ಬಳಿದ ರಾಸಾಯನಿಕ ತನಗೆ ಬೇಕಾದ ಅಣುವನ್ನು ಹಿಡಿದಾಗ ಬದಲಾಗುವ ಸಣ್ಣ ವಿದ್ಯುತ್ ಪ್ರವಾಹವೇ ಅಲ್ಲಿನ ಅಳತೆ. ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಮೂತ್ರದ ಅಲ್ಬುಮಿನ್, ಕ್ರಿಯೇಟಿನಿನ್ ಎಲ್ಲವೂ ಒಂದೇ ಯಂತ್ರಕ್ಕೆ ದಕ್ಕುತ್ತವೆ. ಇದನ್ನು ದುಡ್ಡುಳಿಸುವ ಉಪಾಯವೆಂದಷ್ಟೇ ನೋಡಿದರೆ ತಪ್ಪಾದೀತು. ನೀರು ಹೆಚ್ಚು ಕುಡಿದವರ ಮೂತ್ರದಲ್ಲಿ ಅಲ್ಬುಮಿನ್ ತೆಳುವಾಗಿ ಕಾಣುತ್ತದೆ. ಕ್ರಿಯೇಟಿನಿನ್‌ನಿಂದ ಭಾಗಿಸಿದಾಗಲೇ ಕಿಡ್ನಿಯ ನಿಜಸ್ಥಿತಿ ತಿಳಿಯುವುದು. ಒಂದು ಅಳತೆಯ ತಪ್ಪನ್ನು ತಿದ್ದುವುದು ಪಕ್ಕದ ಅಳತೆ.

ಎಲ್ಲವನ್ನೂ ಒಂದರೊಳಗೆ ತುರುಕಿದರೆ ಒಂದು ಕೆಟ್ಟಾಗ ಎಲ್ಲವೂ ಕೆಡುವುದಿಲ್ಲವೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪವೇ. ಗಾತ್ರ ಕುಗ್ಗಿದಷ್ಟೂ ನೆರೆಯ ಕಾಟ ಹೆಚ್ಚು. ಗಾಳಿಯಲ್ಲಿನ ಅನಿಲ ಗುರುತಿಸುವ ಚಿಪ್‌ಗಳನ್ನೇ ನೋಡಿ. ಲೋಹದ ಆಕ್ಸೈಡ್‌ನ ಅನಿಲ ಸಂವೇದಕ ಕೆಲಸ ಮಾಡಲು ಸಾಮಾನ್ಯವಾಗಿ ನೂರಾರು ಡಿಗ್ರಿ ಕಾಯಬೇಕು. ಪಕ್ಕದ್ದಕ್ಕೆ ಆ ಬಿಸಿ ತಾಗದಂತೆ ತೆಳುಪೊರೆಯ ಮೇಲೆ ತೂಗಿಹಾಕಬೇಕು. ಆದರೂ ಅದೇ ಕೇಂದ್ರದಲ್ಲಿ ಹಲವು ಅನಿಲ ಸಂವೇದಕಗಳನ್ನು ಒಂದೇ ಚಿಪ್‌ನಲ್ಲಿ ಕೂರಿಸುವ ಕೆಲಸ ನಡೆದಿದೆ, ಕಾರಣವಿಲ್ಲದೆ ಅಲ್ಲ. ಇಂಥ ಆಕ್ಸೈಡ್‌ಗಳು ಒಂದೇ ಅನಿಲಕ್ಕೆ ನಿಷ್ಠವಲ್ಲ. ಕುಲುಮೆಗಳ ಊರಾದ ಭದ್ರಾವತಿಯಂಥ ಕಡೆ ಕಾರ್ಬನ್ ಮಾನಾಕ್ಸೈಡ್ ಯಾವುದು, ಬೇರೆ ಹೊಗೆ ಯಾವುದು ಎಂದು ಒಂಟಿ ಸಂವೇದಕ ಖಚಿತವಾಗಿ ಹೇಳಲಾರದು. ಬೇರೆ ಬೇರೆ ಗುಣದ ನಾಲ್ಕನ್ನು ಹೋಲಿಸಿದರೆ ಹೇಳಬಹುದು.

ಇನ್ನು ದೊಡ್ಡ ಲ್ಯಾಬ್‌ನ ನಿಖರತೆ ಕೈಯಂತ್ರಕ್ಕೆಲ್ಲಿ ಎಂಬ ಮಾತು. ಅನುಮಾನದ ಅಂಕಿ ಬಂದಾಗ ಶಿವಮೊಗ್ಗದ ಲ್ಯಾಬ್‌ಗೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೋಗಬೇಕಾದವರು ಯಾರೆಂದು ಊರಲ್ಲೇ ಗೊತ್ತಾಗುವುದೇ ಕೈಯಂತ್ರದ ಲಾಭ. ಅದಕ್ಕೆ ಮಲೆನಾಡಿನ ಮಳೆಗಾಲದ ತೇವ ತಾಗದಂತೆ ಸ್ಟ್ರಿಪ್‌ಗಳ ಡಬ್ಬಿಯ ಮುಚ್ಚಳ ಬಿಗಿಯಾಗಿರಬೇಕು, ಅಷ್ಟೇ.